ಎಡಿಎಚ್‌ಡಿ ಇರುವ ಮಗ ಹೊಡೆಯುತ್ತಾನೆ: ಇದೂ ಜೀನ್‌ನಿಂದಲೇ ಬಂದದ್ದಾ?

ಚಿನ್ನುವಿನಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 9 ವರ್ಷ. ಹೋದ ವರ್ಷ ಮಕ್ಕಳ ಮನೋವೈದ್ಯರು ಎಡಿಎಚ್‌ಡಿ ಇದೆ ಅಂದರು. ಗಮನ ನಿಲ್ಲದಿರುವುದು, ಕೂತಲ್ಲಿ ಕೂರದಿರುವುದು ನಮಗೆ ಮೊದಲಿನಿಂದ ಗೊತ್ತಿತ್ತು. ಅದಕ್ಕೆ ಹೇಗೋ ಹೊಂದಿಕೊಂಡಿದ್ದೇವೆ. ನನ್ನನ್ನು ಕಾಡುತ್ತಿರುವುದು ಅವನ ಸಿಟ್ಟು. ಆಟದಲ್ಲಿ ಸೋತರೆ ತಂಗಿಗೆ ಹೊಡೆಯುತ್ತಾನೆ. ಟಿವಿ ಆರಿಸಿದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ತಾನೇ ಬಂದು ಅಳುತ್ತಾನೆ.

ಮನೆಯಲ್ಲಿ ಎರಡು ಮಾತು ನಡೆಯುತ್ತಿದೆ. ಒಂದು, 'ಅವರಪ್ಪನೂ ಹೀಗೇ ಇದ್ದ, ರಕ್ತದಲ್ಲೇ ಬಂದಿದೆ, ಏನೂ ಮಾಡೋಕಾಗಲ್ಲ.' ಇನ್ನೊಂದು, 'ನೀನು ಸಲುಗೆ ಕೊಟ್ಟೆ, ಅದಕ್ಕೇ ಹೀಗಾದ.' ಎರಡನ್ನೂ ಕೇಳಿ ಕೇಳಿ ಸಾಕಾಗಿದೆ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ 'ಯೋಧ ಜೀನ್' ಅಂತ ಒಂದು ಇದೆಯಂತೆ, ಎಂಜಲು ಕೊಟ್ಟರೆ ಪರೀಕ್ಷೆ ಮಾಡಿ ಹೇಳುತ್ತಾರಂತೆ. ಮಾಡಿಸಬೇಕಾ? ಎಡಿಎಚ್‌ಡಿ ವಂಶದಿಂದ ಬರುತ್ತದೆ ಅನ್ನುವುದು ನಿಜವಾದರೆ, ಹೊಡೆಯುವುದೂ ಹಾಗೇ ಬರುತ್ತದಾ? ತಿಳಿದವರು ಬಿಡಿಸಿ ಹೇಳಿ.

ಜೀವಕೋಶ:

ಅಕ್ಕ, ನಾನು ತಳಿವಿಜ್ಞಾನದ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ವೈದ್ಯಳಲ್ಲ. ಹಾಗಾಗಿ ನಿಮ್ಮ ಮಗನ ಬಗ್ಗೆ ಹೇಳಲಾರೆ, ಜೀನ್‌ಗಳ ಬಗ್ಗೆ ಹೇಳುತ್ತೇನೆ.

ನೀವು ಕೇಳಿದ್ದು ಒಂದು ಪ್ರಶ್ನೆಯಲ್ಲ, ಎರಡು. ಎಡಿಎಚ್‌ಡಿ ಬೇರೆ, ಹೊಡೆಯುವುದು ಬೇರೆ. 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನುವ, ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿಯಲ್ಲಿ ಎಡಿಎಚ್‌ಡಿಗೆ 18 ಲಕ್ಷಣ ಕೊಟ್ಟಿದ್ದಾರೆ. 9 ಗಮನಕ್ಕೆ ಸಂಬಂಧಿಸಿದವು, 9 ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದವು. ಅದರಲ್ಲಿ ಎಲ್ಲೂ 'ಹೊಡೆಯುತ್ತಾನೆ' ಅಂತ ಇಲ್ಲ. ಆದರೂ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹಠ, ಎದುರು ಮಾತು, ಸಿಟ್ಟಿನ ಸಮಸ್ಯೆ ಜೊತೆಗೇ ಇರುತ್ತದೆ. ಅದಕ್ಕೇ ಎರಡೂ ಒಂದೇ ಅನ್ನಿಸುವುದು.

ಮೊದಲು ಎಡಿಎಚ್‌ಡಿ. ಇದು ವಂಶದಲ್ಲಿ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಅವಳಿ ಮಕ್ಕಳ ಅಧ್ಯಯನಗಳು. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಬೇರೆ ಅವಳಿಗಳು ಅಣ್ಣ ತಂಗಿಯರ ಹಾಗೆ ಸರಾಸರಿ ಅರ್ಧ ಹಂಚಿಕೊಂಡಿರುತ್ತಾರೆ. ಎರಡು ಜೋಡಿಯೂ ಬೆಳೆಯುವುದು ತಮ್ಮ ತಮ್ಮ ಮನೆಯಲ್ಲಿ, ಒಟ್ಟಿಗೇ. ತದ್ರೂಪಿಗಳಲ್ಲಿ ಒಬ್ಬರಿಗೆ ಎಡಿಎಚ್‌ಡಿ ಇದ್ದಾಗ ಇನ್ನೊಬ್ಬರಿಗೂ ಇರುವುದು ಬೇರೆ ಅವಳಿಗಳಿಗಿಂತ ಬಹಳ ಜಾಸ್ತಿ ಅಂತಾದರೆ, ಆ ವ್ಯತ್ಯಾಸಕ್ಕೆ ಕಾರಣ ಜೀನ್ ಇರಬೇಕು. ಇಂಥ 37 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2019ರಲ್ಲಿ ಫರಾವೋನ್ ಮತ್ತು ಲಾರ್ಸನ್ ಅನ್ನುವ ವಿಜ್ಞಾನಿಗಳು ಕೊಟ್ಟ ಜೀನ್ ಪಾಲಿನ ಸರಾಸರಿ ಶೇ. 74.

ಈ 74ನ್ನು ಜನ ತಪ್ಪಾಗಿ ಓದುತ್ತಾರೆ. ನಿಮ್ಮ ಮಗನ ತೊಂದರೆಯಲ್ಲಿ 74 ಪಾಲು ಜೀನ್, 26 ಪಾಲು ನೀವು ಅಂತ ಅಲ್ಲ. ಒಂದು ದೊಡ್ಡ ಗುಂಪಿನಲ್ಲಿ ಮಗುವಿನಿಂದ ಮಗುವಿಗೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಭಾಗ ಜೀನ್ ವ್ಯತ್ಯಾಸದಿಂದ ಬಂತು ಅನ್ನುವ ಲೆಕ್ಕ ಅದು. ಒಂದು ಮಗುವಿಗೆ ಆ ಸಂಖ್ಯೆ ಅನ್ವಯಿಸುವುದೇ ಇಲ್ಲ.

ಇನ್ನು ಯಾವ ಜೀನ್? ಒಂದಲ್ಲ. 2023ರಲ್ಲಿ ಡೆಮಾಂಟಿಸ್ ಮತ್ತು ಅವರ ತಂಡ ಎಡಿಎಚ್‌ಡಿ ಇರುವ 38,691 ಜನ, ಇಲ್ಲದ 1,86,843 ಜನರ ಡಿಎನ್‌ಎ ಹೋಲಿಸಿ ನೋಡಿತು. ಎಡಿಎಚ್‌ಡಿ ಜೊತೆ ನಂಟಿರುವ 27 ಜಾಗಗಳು ಡಿಎನ್‌ಎಯಲ್ಲಿ ಖಚಿತವಾಗಿ ಸಿಕ್ಕವು. ಒಂದೊಂದರ ಪರಿಣಾಮವೂ ತೀರಾ ಸಣ್ಣದು. ಒಟ್ಟಾರೆ ಸಾವಿರಾರು ಸಣ್ಣ ವ್ಯತ್ಯಾಸಗಳು ಸೇರಿ ಒಲವು ಹುಟ್ಟುತ್ತದೆ. ಆ ವ್ಯತ್ಯಾಸಗಳು ನನ್ನಲ್ಲೂ ಇವೆ, ಎಲ್ಲರಲ್ಲೂ ಇವೆ. ಕೆಲವರಲ್ಲಿ ಸ್ವಲ್ಪ ಜಾಸ್ತಿ ಸೇರಿಕೊಂಡಿರುತ್ತವೆ, ಅಷ್ಟೇ. ಹಿಂದೆ ಡೋಪಮಿನ್‌ಗೆ (ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ) ಸಂಬಂಧಿಸಿದ ಡಿಆರ್‌ಡಿ4, ಡಿಎಟಿ1 ಜೀನ್‌ಗಳ ಬಗ್ಗೆ ತುಂಬಾ ಮಾತು ಕೇಳಿಬರುತ್ತಿತ್ತು. ಆ ಹಳೆಯ ಹೆಸರುಗಳು ಈ 27ರ ಪಟ್ಟಿಯಲ್ಲಿ ಇಲ್ಲ.

ಸಿಟ್ಟಿಗೆ ಬಂದರೆ, ಅವಳಿ ಅಧ್ಯಯನಗಳಲ್ಲಿ ಆಕ್ರಮಣಕಾರಿ ನಡವಳಿಕೆಯ ವ್ಯತ್ಯಾಸದಲ್ಲಿ ಜೀನ್ ಪಾಲು ಸುಮಾರು ಅರ್ಧ. ಎಡಿಎಚ್‌ಡಿಗಿಂತ ಕಡಿಮೆ. ಅಂದರೆ ಮನೆ, ಶಾಲೆ, ಸುತ್ತಲಿನ ವಾತಾವರಣದ ಪಾಲು ಇಲ್ಲಿ ಜಾಸ್ತಿ. ಎರಡರ ನಡುವೆ ನಂಟೂ ಇದೆ. 2021ರಲ್ಲಿ ಡೆಮಾಂಟಿಸ್ ತಂಡವೇ ನೋಡಿದ ಪ್ರಕಾರ, ಎಡಿಎಚ್‌ಡಿ ಜೊತೆಗೆ ನಡವಳಿಕೆಯ ತೊಂದರೆಯೂ ಇರುವವರಲ್ಲಿ ಜೀನ್‌ಗಳ ಒಲವು, ಬರೀ ಎಡಿಎಚ್‌ಡಿ ಇರುವವರಿಗಿಂತ ಹೆಚ್ಚಿತ್ತು. ಹಾಗಾಗಿ ನಿಮ್ಮ ಮನೆಯವರು ಹೇಳುವ 'ರಕ್ತದಲ್ಲಿದೆ' ಪೂರ್ತಿ ಸುಳ್ಳಲ್ಲ. 'ಏನೂ ಮಾಡೋಕಾಗಲ್ಲ' ಅನ್ನುವುದು ಸುಳ್ಳು.

ಯೋಧ ಜೀನ್ ಪರೀಕ್ಷೆ ಮಾಡಿಸಬೇಡಿ. ಅದರ ಕಥೆ ಬೇರೆ ಯಾರಾದರೂ ಬರೆದರೆ ಒಳ್ಳೆಯದು, ಇಲ್ಲಿಗೇ ಉದ್ದವಾಯಿತು.

ಹಳೆಮೇಷ್ಟ್ರು:

ತಾಯಿ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ನನ್ನ ಒಂದು ಆತಂಕ ಹೇಳಿಬಿಡುತ್ತೇನೆ. ಬಹಳ ವರ್ಷ ಪಾಠ ಮಾಡಿದವನು ನಾನು. ಕೈ ಮಾಡುವ ಮಕ್ಕಳನ್ನು ತುಂಬಾ ನೋಡಿದ್ದೇನೆ. ಅವರಲ್ಲಿ ಅನೇಕರು ಮನೆಯಲ್ಲಿ ಏಟು ತಿಂದು ಬಂದವರು. ಅಪ್ಪ ಹೊಡೆಯುತ್ತಿದ್ದ, ಇಲ್ಲವೇ ಅಪ್ಪ ಅಮ್ಮನಿಗೆ ಹೊಡೆಯುತ್ತಿದ್ದ. ಈಗ ಎಲ್ಲವನ್ನೂ ಜೀನ್ ಮೇಲೆ ಹಾಕಿದರೆ ಆ ಮನೆಗಳನ್ನು ಕೇಳುವವರು ಯಾರು? ಮಗುವಿಗೂ 'ನನ್ನ ಜೀನ್ ಹಾಗಿದೆ' ಅನ್ನುವ ನೆಪ ಸಿಗುತ್ತದೆ. ಶಾಲೆಗೂ ಕೈ ತೊಳೆದುಕೊಳ್ಳಲು ಒಂದು ದಾರಿ ಆಗುತ್ತದೆ. ವಿಜ್ಞಾನವನ್ನು ನಾನು ಬೇಡ ಅನ್ನುತ್ತಿಲ್ಲ. ಅದನ್ನು ಜನ ಹೇಗೆ ಬಳಸುತ್ತಾರೆ ಅನ್ನುವುದೇ ನನ್ನ ಭಯ.

ಓದುಗ:

ಮೇಷ್ಟ್ರೇ, ನಿಮ್ಮ ಭಯಕ್ಕೂ ಆ 'ಯೋಧ ಜೀನ್' ಕಥೆಗೂ ನೇರ ಸಂಬಂಧ ಇದೆ. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತೇನೆ.

ಅದರ ನಿಜವಾದ ಹೆಸರು ಎಂಎಒಎ. ಮಿದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್, ಡೋಪಮಿನ್, ನಾರ್‌ಅಡ್ರಿನಲಿನ್ ಅನ್ನು ಒಡೆಯುವ ಒಂದು ಕಿಣ್ವವನ್ನು ತಯಾರಿಸುವ ಜೀನ್. ಎಕ್ಸ್ ಕ್ರೋಮೋಸೋಮ್ ಮೇಲೆ ಇದೆ. ಗಂಡುಮಕ್ಕಳಿಗೆ ಎಕ್ಸ್ ಒಂದೇ ಇರುವುದರಿಂದ ಅದು ಕೆಟ್ಟರೆ ಬದಲಿ ಇಲ್ಲ. 1993ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ ಬ್ರನ್ನರ್ ಮತ್ತು ಸಂಗಡಿಗರು ಒಂದು ಕುಟುಂಬದ ಬಗ್ಗೆ ಬರೆದರು. ಅಲ್ಲಿನ ಹಲವು ಗಂಡಸರಲ್ಲಿ ಈ ಜೀನ್ ಪೂರ್ತಿ ನಿಂತುಹೋಗಿತ್ತು. ಅವರಿಗೆ ಬುದ್ಧಿ ಬೆಳವಣಿಗೆಯೂ ಸ್ವಲ್ಪ ಕಡಿಮೆ, ಹಠಾತ್ತಾಗಿ ಹಿಂಸೆಗೆ ಇಳಿಯುತ್ತಿದ್ದರು. ಇದು ಅಪರೂಪದಲ್ಲೂ ಅಪರೂಪ. ಆಮೇಲೆ ಬೆರಳೆಣಿಕೆಯ ಕುಟುಂಬಗಳಲ್ಲಿ ಮಾತ್ರ ಕಂಡಿದೆ.

ಎಂಜಲು ಪರೀಕ್ಷೆಯವರು ನೋಡುವುದು ಅದನ್ನಲ್ಲ. ಅದೇ ಜೀನ್‌ನ ಸ್ವಲ್ಪ ಮಂದವಾಗಿ ಕೆಲಸ ಮಾಡುವ ಒಂದು ಬಗೆಯನ್ನು. ಅದು ಯುರೋಪ್ ಮೂಲದ ಗಂಡಸರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಇದೆ. ಅಷ್ಟೂ ಜನ ಯೋಧರಾ? ಕಚೇರಿಗೆ ಹೋಗಿ ಬಂದು ಮಕ್ಕಳ ಹೋಂವರ್ಕ್ ನೋಡುವವರೇ ಜಾಸ್ತಿ.

ಈಗ ಮೇಷ್ಟ್ರ ಮಾತಿಗೆ ಬರುತ್ತೇನೆ. ನ್ಯೂಜಿಲೆಂಡ್‌ನ ಡನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಜ್ಞಾನಿಗಳು ದೊಡ್ಡವರಾಗುವ ತನಕ ಹಿಂಬಾಲಿಸಿದ್ದಾರೆ. 2002ರಲ್ಲಿ ಅವ್ಷಲೋಮ್ ಕ್ಯಾಸ್ಪಿ ಮತ್ತು ತಂಡ ಅಲ್ಲಿನ ಹುಡುಗರಲ್ಲಿ ಈ ಜೀನ್ ನೋಡಿತು. ಮಂದ ಬಗೆಯ ಜೀನ್ ಇದ್ದು, ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಮುಂದೆ ಹಿಂಸಾತ್ಮಕ ನಡವಳಿಕೆ ಹೆಚ್ಚಿತ್ತು. ಅದೇ ಜೀನ್ ಇದ್ದು, ಹಿಂಸೆ ಕಾಣದೆ ಬೆಳೆದವರಲ್ಲಿ ಆ ಹೆಚ್ಚಳ ಇರಲಿಲ್ಲ. 2014ರಲ್ಲಿ ಇಂಥ 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಹುಡುಗರ ಮಟ್ಟಿಗೆ ಇದೇ ದಿಕ್ಕಿನ ಫಲ ಬಂತು.

ಅಂದರೆ ಜೀನ್ ಅಧ್ಯಯನವೇ ಹೇಳುತ್ತಿದೆ, ಮಗುವಿಗೆ ಹೊಡೆಯಬೇಡಿ ಅಂತ. ನಿಮ್ಮ ತರಗತಿಯಲ್ಲಿ ನೀವು ಕಂಡದ್ದನ್ನು ಇದು ಅಲ್ಲಗಳೆಯುವುದಿಲ್ಲ ಮೇಷ್ಟ್ರೇ, ಗಟ್ಟಿ ಮಾಡುತ್ತದೆ.

ಒಂದು ಎಚ್ಚರಿಕೆ ಮಾತ್ರ. ಒಂದೊಂದೇ ಜೀನ್ ಹಿಡಿದು ಮಾಡಿದ ಅಧ್ಯಯನಗಳಲ್ಲಿ ಅನೇಕವು ಆಮೇಲೆ ನಿಲ್ಲಲಿಲ್ಲ. ಖಿನ್ನತೆಯ ವಿಷಯದಲ್ಲಿ ಹೆಸರುವಾಸಿಯಾದ 18 ಜೀನ್‌ಗಳನ್ನು 2019ರಲ್ಲಿ ಲಕ್ಷಾಂತರ ಜನರಲ್ಲಿ ಪರೀಕ್ಷಿಸಿದಾಗ, ಸುಮ್ನೆ ಯಾವುದೋ ಜೀನ್ ಆರಿಸಿಕೊಂಡಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟೇ ಸಿಕ್ಕಿತು. ಹಾಗಾಗಿ ಎಂಎಒಎ ಫಲಿತಾಂಶವನ್ನೂ ಒಂದು ಗುಂಪಿನ ಮಾತಾಗಿ ಓದಬೇಕು. ಚಿನ್ನುವಿನಮ್ಮ, ನಿಮ್ಮ ಮಗನ ಎಂಜಲಿನಲ್ಲಿ ಅದು ಇದ್ದರೂ ಇಲ್ಲದಿದ್ದರೂ ನೀವು ನಾಳೆ ಮಾಡಬೇಕಾದ್ದು ಬದಲಾಗುವುದಿಲ್ಲ.

ಗಡಿಬಿಡಿ:

ನನಗೆ ಎಡಿಎಚ್‌ಡಿ ಇದೆ ಅಂತ ಗೊತ್ತಾಗಿದ್ದು ದೊಡ್ಡವನಾದ ಮೇಲೆ. 'ನೆಪ' ಅನ್ನುವ ಮಾತು ಓದಿ ಬರೆಯದೆ ಇರಲು ಆಗಲಿಲ್ಲ. ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ.

ನಾನೂ ಚಿಕ್ಕವನಿದ್ದಾಗ ಹೊಡೆಯುತ್ತಿದ್ದೆ. ಸಿಟ್ಟು ಬಂದದ್ದಕ್ಕೂ ಕೈ ಎದ್ದದ್ದಕ್ಕೂ ನಡುವೆ ಯೋಚಿಸಲು ಜಾಗವೇ ಇರುತ್ತಿರಲಿಲ್ಲ. ಹೊಡೆದಾದ ಮೇಲೆ ನನಗೇ ಗಾಬರಿ. 'ಬೇಕಂತಲೇ ಮಾಡ್ತಾನೆ' ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದೆ. ನಾನು ಕೆಟ್ಟವನು ಅಂತ ನಂಬಿದ ಹುಡುಗ ಒಳ್ಳೆಯವನಾಗಲು ಪ್ರಯತ್ನಿಸುವುದನ್ನೇ ಬಿಡುತ್ತಾನೆ. ನಿಜವಾದ ನೆಪ ಅದು.

ಮಿದುಳಿನ ಬಗ್ಗೆ ಓದಿದ ಮೇಲೆ ನನಗೆ ಸಮಾಧಾನ ಸಿಕ್ಕಿತು. 2007ರಲ್ಲಿ ಫಿಲಿಪ್ ಶಾ ಮತ್ತು ತಂಡ ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ವರ್ಷಗಟ್ಟಲೆ ನೋಡಿ ಬರೆದ ವರದಿ ಅದು. ಮಿದುಳಿನ ಹೊರಪದರ ಬೆಳೆದು ತನ್ನ ಗರಿಷ್ಠ ದಪ್ಪ ಮುಟ್ಟುವ ವಯಸ್ಸು ಸಾಮಾನ್ಯ ಮಕ್ಕಳಲ್ಲಿ ಸುಮಾರು 7.5. ಎಡಿಎಚ್‌ಡಿ ಇರುವವರಲ್ಲಿ ಸುಮಾರು 10.5. ತಡವಾಗುವುದು ಎಲ್ಲಕ್ಕಿಂತ ಹೆಚ್ಚಾಗಿ ಹಣೆಯ ಹಿಂದಿನ ಭಾಗದಲ್ಲಿ. ನಮ್ಮನ್ನು ತಡೆದು ನಿಲ್ಲಿಸುವ ಕೆಲಸ ಅದರದ್ದು. ಅಂದರೆ 9 ವರ್ಷದ ಮಗನಿಂದ 9 ವರ್ಷದ ತಡೆ ಕೇಳಿದರೆ ಅವನ ಹತ್ತಿರ ಇರುವುದು ಆರೇಳು ವರ್ಷದವನ ತಡೆ ಇರಬಹುದು.

ಇದರಿಂದ ತಂಗಿಗೆ ಹೊಡೆದದ್ದು ಸರಿ ಅಂತ ಆಗುವುದಿಲ್ಲ. ತಂಗಿಗೆ ನೋವಾಗಿದೆ, ಅದಕ್ಕೆ ಅವನು ಹೊಣೆ ಹೊರಬೇಕು. ಆದರೆ 'ನಿನಗೆ ಇದು ಉಳಿದವರಿಗಿಂತ ಕಷ್ಟ, ಅದಕ್ಕೇ ನಾವು ಸೇರಿ ಅಭ್ಯಾಸ ಮಾಡೋಣ' ಅಂದರೆ ಮಗು ಕೇಳಿಸಿಕೊಳ್ಳುತ್ತದೆ. ನನಗೆ ಯಾರಾದರೂ ಹಾಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಹಳೆಮೇಷ್ಟ್ರು:

ಗಡಿಬಿಡಿಯವರೇ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಹುಡುಗರಿಗೆ ಹಾಗೆ ಹೇಳುವ ಮೇಷ್ಟ್ರುಗಳು ಹೆಚ್ಚಾಗಬೇಕು. ಆದರೆ ಒಂದು ಸಂದೇಹ ಇನ್ನೂ ಇದೆ. ಜೀನ್ ಪಾಲು ಶೇ. 74 ಅಂದ ಮೇಲೆ ನಾವು ಮಾಡುವುದರಿಂದ ಎಷ್ಟು ತಾನೇ ಬದಲಾದೀತು?

ಜೀವಕೋಶ:

ಮೇಷ್ಟ್ರೇ, ವಂಶದಿಂದ ಬಂದದ್ದು ಬದಲಾಗುವುದಿಲ್ಲ ಅನ್ನುವುದೇ ಈ ವಿಷಯದಲ್ಲಿ ಎಲ್ಲರೂ ಎಡವುವ ಜಾಗ. ಫಿನೈಲ್‌ಕೀಟೋನ್ಯೂರಿಯಾ ಅಂತ ಒಂದು ಕಾಯಿಲೆ ಇದೆ. ಪೂರ್ತಿ ಜೀನ್‌ನಿಂದ ಬರುವುದು, ಪಿಎಎಚ್ ಅನ್ನುವ ಒಂದೇ ಜೀನ್ ಕೆಟ್ಟಿರುತ್ತದೆ. ಹಾಗೇ ಬಿಟ್ಟರೆ ಮಗುವಿನ ಬುದ್ಧಿ ಬೆಳವಣಿಗೆ ತೀವ್ರವಾಗಿ ಕುಂಠಿತವಾಗುತ್ತದೆ. 1960ರ ದಶಕದಲ್ಲಿ ರಾಬರ್ಟ್ ಗುತ್ರಿ ಅವರ ವಿಧಾನದಿಂದ ಹುಟ್ಟಿದ ಕೂಡಲೇ ಒಂದು ಹನಿ ರಕ್ತದಲ್ಲಿ ಇದನ್ನು ಪತ್ತೆ ಹಚ್ಚಲು ಶುರು ಮಾಡಿದರು. ಆಹಾರದಲ್ಲಿ ಫಿನೈಲ್‌ಅಲನಿನ್ (ಪ್ರೋಟೀನ್‌ನಲ್ಲಿರುವ ಒಂದು ಅಂಶ) ಕಡಿಮೆ ಮಾಡಿದರೆ ಮಗು ಚೆನ್ನಾಗಿ ಬೆಳೆಯುತ್ತದೆ. ಜೀನ್ ಹಾಗೇ ಇದೆ, ಫಲ ಪೂರ್ತಿ ಬೇರೆ. ಎಡಿಎಚ್‌ಡಿಗೆ ಅಷ್ಟು ಸುಲಭದ ಪರಿಹಾರ ಇಲ್ಲ ನಿಜ. ಆದರೆ ಶೇಕಡಾವಾರು ನೋಡಿ 'ಇನ್ನು ಮುಗಿಯಿತು' ಅನ್ನುವುದಕ್ಕೆ ಆಧಾರ ಇಲ್ಲ.

ಪರಿಸರದಿಂದಲೇ ಎಡಿಎಚ್‌ಡಿಯಂಥ ಸ್ಥಿತಿ ಬರುವುದೂ ಇದೆ. ರೊಮೇನಿಯಾದಲ್ಲಿ 1989ರ ನಂತರ ಅನಾಥಾಲಯಗಳಿಂದ ಇಂಗ್ಲೆಂಡಿನ ಕುಟುಂಬಗಳು ದತ್ತು ತೆಗೆದುಕೊಂಡ ಮಕ್ಕಳನ್ನು ಮೈಕೇಲ್ ರಟ್ಟರ್ ಮತ್ತು ತಂಡ ಹಿಂಬಾಲಿಸಿತು. ಎತ್ತಿ ಮುದ್ದಾಡುವವರಿಲ್ಲದೆ, ಆರೈಕೆ ಇಲ್ಲದೆ ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಕಳೆದ ಮಕ್ಕಳಲ್ಲಿ ಎಡಿಎಚ್‌ಡಿ ಲಕ್ಷಣಗಳು ಎಷ್ಟೋ ಜಾಸ್ತಿ ಇದ್ದವು. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿದವು. ಅವಧಿಗೆ ಮುಂಚೆ ಹುಟ್ಟುವುದು, ಹುಟ್ಟಿದಾಗ ತೂಕ ತೀರಾ ಕಡಿಮೆ ಇರುವುದು, ಸೀಸದ ವಿಷ, ಇವೂ ಅಪಾಯ ಹೆಚ್ಚಿಸುತ್ತವೆ.

ಹಾಗಂತ ಎಲ್ಲವನ್ನೂ ತಾಯಿಯ ಬಸಿರಿನ ದಿನಗಳ ಮೇಲೆ ಹಾಕುವುದೂ ತಪ್ಪು. ಗರ್ಭಿಣಿ ಸಿಗರೇಟು ಸೇದಿದರೆ ಮಗುವಿಗೆ ಎಡಿಎಚ್‌ಡಿ ಬರುತ್ತದೆ ಅಂತ ಬಹಳ ಕಾಲ ನಂಬಿದ್ದರು. 2009ರಲ್ಲಿ ಅನಿತಾ ಥಾಪರ್ ಮತ್ತು ಸಂಗಡಿಗರು ಜಾಣತನದ ಒಂದು ದಾರಿ ಹುಡುಕಿದರು. ಐವಿಎಫ್‌ನಿಂದ ಹುಟ್ಟಿದ ಮಕ್ಕಳನ್ನು ನೋಡಿದರು. ಕೆಲವರು ತಾಯಿಯ ಸ್ವಂತ ಅಂಡದಿಂದ ಹುಟ್ಟಿದವರು, ಕೆಲವರು ದಾನದ ಅಂಡದಿಂದ. ಹೊತ್ತ ತಾಯಿಗೂ ಮಗುವಿಗೂ ಜೀನ್ ನಂಟು ಇಲ್ಲದಾಗ ಸಿಗರೇಟಿಗೂ ಎಡಿಎಚ್‌ಡಿಗೂ ಇದ್ದ ಸಂಬಂಧ ಕಾಣಲೇ ಇಲ್ಲ. ಮಗುವಿನ ತೂಕ ಮಾತ್ರ ಎರಡೂ ಗುಂಪಿನಲ್ಲಿ ಕಡಿಮೆಯಾಗಿತ್ತು. ಅಂದರೆ ಸಿಗರೇಟು ಕೆಟ್ಟದ್ದೇ, ಆದರೆ ಎಡಿಎಚ್‌ಡಿ ವಿಷಯದಲ್ಲಿ ನಂಟು ಬಹುಪಾಲು ಜೀನ್ ಕಡೆಯಿಂದ ಬಂದಿತ್ತು. ತಾಯಂದಿರನ್ನು ಬೈಯುವವರು ಇದನ್ನು ಓದಬೇಕು.

ಬೆಳಕು:

ನಾನು ದತ್ತು ತಾಯಿ. ಮಗಳು ಕೂಸಾಗಿದ್ದಾಗಲೇ ನಮ್ಮ ಮನೆಗೆ ಬಂದಳು. ಅವಳಿಗೂ ನನಗೂ ರಕ್ತಸಂಬಂಧ ಇಲ್ಲ. ಎಡಿಎಚ್‌ಡಿ ಇದೆ, ಸಿಟ್ಟೂ ಇದೆ. ಎಲ್ಲರೂ 'ಮಗು ತಂದೆ ತಾಯಿಯಿಂದ ಹೀಗಾಗುತ್ತದೆ' ಅಂತಲೇ ಮಾತಾಡುತ್ತಿದ್ದೀರಿ. ತಂದೆ ತಾಯಿ ಮಗುವಿನಿಂದ ಬದಲಾಗುವುದನ್ನು ಯಾರೂ ಹೇಳುತ್ತಿಲ್ಲ.

ಸ್ವಭಾವದಿಂದ ನಾನು ಕಿರುಚುವವಳಲ್ಲ. ಅವಳು ಬಂದ ಕೆಲವು ವರ್ಷಗಳಲ್ಲಿ ಕಿರುಚುವವಳಾದೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ, ಕೊನೆಗೆ ಗದರಿ, ಆಮೇಲೆ ಅವಳು ಇನ್ನೂ ಜೋರಾಗಿ, ಹೀಗೆ ಏರುತ್ತಾ ಹೋಗುತ್ತಿತ್ತು. ನಮ್ಮ ಚಿಕಿತ್ಸಕಿ ಒಂದು ಅಮೆರಿಕನ್ ಅಧ್ಯಯನದ ಬಗ್ಗೆ ಹೇಳಿದರು. 2013ರದ್ದು, ಗಾರ್ಡನ್ ಹೆರಾಲ್ಡ್ ಮತ್ತು ಸಂಗಡಿಗರದ್ದು. ಹುಟ್ಟಿದ ಕೂಡಲೇ ದತ್ತು ಹೋದ ಮಕ್ಕಳು. ಹೆತ್ತ ತಾಯಿಯಲ್ಲಿ ಎಡಿಎಚ್‌ಡಿ ಲಕ್ಷಣ ಹೆಚ್ಚಿದ್ದರೆ ಮಗು ಚಿಕ್ಕಂದಿನಲ್ಲೇ ಹೆಚ್ಚು ಆತುರದ್ದಾಗಿರುತ್ತಿತ್ತು. ಅಂಥ ಮಗುವಿನ ಜೊತೆ ಸಾಕುತಾಯಿ ಹೆಚ್ಚು ಕಠಿಣವಾಗುತ್ತಿದ್ದಳು. ಆ ಕಠಿಣತೆ ಮುಂದೆ ಮಗುವಿನ ಲಕ್ಷಣಗಳನ್ನು ಹೆಚ್ಚಿಸುತ್ತಿತ್ತು. ಆ ಸಾಕುತಾಯಿಗೂ ಮಗುವಿಗೂ ಜೀನ್ ನಂಟೇ ಇಲ್ಲ. ಆದರೂ ಹೆತ್ತವಳ ಜೀನ್, ಮಗುವಿನ ಮೂಲಕ, ಸಾಕಿದವಳ ದನಿಯನ್ನು ಬದಲಾಯಿಸಿತು.

ಅದನ್ನು ಕೇಳಿ ನಾನು ಅತ್ತುಬಿಟ್ಟೆ. ನಾನು ಕೆಟ್ಟ ತಾಯಿ ಅಲ್ಲ ಅಂತ ಮೊದಲ ಸಲ ಅನ್ನಿಸಿತು. ಅದರ ಜೊತೆಗೇ ಇದನ್ನು ನಿಲ್ಲಿಸಬೇಕಾದವಳು ನಾನೇ ಅಂತಲೂ ಅರ್ಥವಾಯಿತು. ಯಾಕೆಂದರೆ ಇಬ್ಬರಲ್ಲಿ ದೊಡ್ಡವಳು ನಾನು.

ಚಿನ್ನುವಿನಮ್ಮ, 'ಸಲುಗೆ ಕೊಟ್ಟೆ' ಅನ್ನುವವರು ಒಂದು ದಿನ ಇಡೀ ಅವನ ಜೊತೆ ಇದ್ದು ನೋಡಲಿ.

ಮಳೆಹನಿ:

ನಾನು ಮಕ್ಕಳ ಮನಶ್ಶಾಸ್ತ್ರಜ್ಞೆ. ಬೆಳಕು ಅವರು ಹೇಳಿದ ಏರುವ ಜಗಳವೇ ನಮ್ಮ ಕೆಲಸದ ಮುಖ್ಯ ಜಾಗ. ಅಮೆರಿಕದ ಆರೆಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಮನೆಗಳಿಗೇ ಹೋಗಿ ಇದನ್ನು ದಶಕಗಟ್ಟಲೆ ಗಮನಿಸಿದರು. ತಾಯಿ ಒಂದು ಕೆಲಸ ಹೇಳುತ್ತಾಳೆ. ಮಗು ಕೂಗುತ್ತದೆ. ತಾಯಿ ಸುಸ್ತಾಗಿ ಬಿಟ್ಟುಬಿಡುತ್ತಾಳೆ. ಕೂಗಿದರೆ ಕೆಲಸ ತಪ್ಪುತ್ತದೆ ಅಂತ ಮಗು ಕಲಿಯುತ್ತದೆ, ಬಿಟ್ಟರೆ ಶಾಂತಿ ಸಿಗುತ್ತದೆ ಅಂತ ತಾಯಿ ಕಲಿಯುತ್ತಾಳೆ. ಮುಂದಿನ ಸಲ ತಾಯಿ ಬಿಡುವುದಿಲ್ಲ, ತಾನೂ ಕೂಗುತ್ತಾಳೆ, ಮಗು ಹೊಡೆಯುತ್ತದೆ. ಇದರಲ್ಲಿ ಯಾರೂ ದುಷ್ಟರಲ್ಲ. ಎಡಿಎಚ್‌ಡಿ ಇರುವ ಮಗುವಿನ ಜೊತೆ ಇಂಥ ಸಂದರ್ಭ ದಿನಕ್ಕೆ ಎಷ್ಟೋ ಸಲ ಬರುತ್ತದೆ, ಅದಕ್ಕೇ ಬೇಗ ಗಟ್ಟಿಯಾಗಿಬಿಡುತ್ತದೆ.

ಪೋಷಕರಿಗೆ ಕೊಡುವ ನಡವಳಿಕೆ ತರಬೇತಿ ಇದನ್ನೇ ಬಿಡಿಸುವುದು. ಹೇಳುವ ಮಾತು ಕಡಿಮೆ ಮಾಡಿ. ಹತ್ತಿರ ಹೋಗಿ, ಕಣ್ಣು ನೋಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಟಿವಿ ಆರಿಸುವ ಐದು ನಿಮಿಷ ಮೊದಲೇ ಹೇಳಿ, ಮತ್ತೆ ಒಂದು ನಿಮಿಷ ಇರುವಾಗ ಹೇಳಿ. ತಡೆದುಕೊಂಡ ಕ್ಷಣವನ್ನು ಹಿಡಿದು ಹೊಗಳಿ. ಸೋತಾಗ ಹಲ್ಲು ಕಚ್ಚಿ ಎದ್ದು ಹೋದನೇ? ಅದು ಅವನಿಗೆ ದೊಡ್ಡ ಗೆಲುವು, ಆಗಲೇ ಹೇಳಿ, ಸಂಜೆಗೆ ಕಾಯಬೇಡಿ. ಅವನು ಹೊಡೆದಾಗ ಕೊಡುವ ಶಿಕ್ಷೆ ಸಣ್ಣದಿರಲಿ, ತಕ್ಷಣ ಇರಲಿ, ಪ್ರತಿ ಸಲವೂ ಒಂದೇ ಇರಲಿ. ಒಂದು ವಾರ ಆಟ ಬಂದ್ ಅನ್ನುವ ಶಿಕ್ಷೆ ಈ ಮಕ್ಕಳಿಗೆ ತಲುಪುವುದಿಲ್ಲ. ದೂರದ ಫಲ ಅವರ ಮನಸ್ಸಿನಲ್ಲಿ ನಿಲ್ಲುವುದೇ ಕಷ್ಟ. ತಂಗಿಯನ್ನು ಮೊದಲು ಸುರಕ್ಷಿತ ಜಾಗಕ್ಕೆ ಕರೆದುಕೊಂಡು ಹೋಗಿ, ಪಾಠ ಆಮೇಲೆ.

ಸಿಟ್ಟು ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಬೇರೆ ಕಾರಣವನ್ನೂ ಹುಡುಕಿ. ನಿದ್ದೆ ಸರಿಯಾಗುತ್ತಿದೆಯಾ? ಓದಲು ಬರೆಯಲು ಬರದೆ ಅವಮಾನ ಆಗುತ್ತಿದೆಯಾ? ಶಾಲೆಯಲ್ಲಿ ಯಾರಾದರೂ ಕಾಡಿಸುತ್ತಿದ್ದಾರಾ?

ಔಷಧಿ ಬಗ್ಗೆ ಯಾರೂ ಎತ್ತಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ 4-5 ವರ್ಷದವರಿಗೆ ಮೊದಲು ಪೋಷಕರ ತರಬೇತಿ. 6 ದಾಟಿದವರಿಗೆ ಔಷಧಿ ಮತ್ತು ನಡವಳಿಕೆ ಚಿಕಿತ್ಸೆ ಎರಡೂ. ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್ ಅನ್ನುವ ಔಷಧಿ, ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಅನ್ನು ಮಿದುಳಿನ ಕೋಶಗಳು ಮರಳಿ ಹೀರಿಕೊಳ್ಳುವುದನ್ನು ತಡೆಯುತ್ತದೆ. ಗಮನ ಸುಧಾರಿಸುವುದರ ಜೊತೆಗೆ, ಎಡಿಎಚ್‌ಡಿ ಇರುವ ಅನೇಕ ಮಕ್ಕಳಲ್ಲಿ ತಟ್ಟನೆ ಹೊಡೆಯುವುದೂ ಕಡಿಮೆಯಾಗುತ್ತದೆ. ಇನ್ನೊಂದು ಕುತೂಹಲದ ಸಂಗತಿ. ರಸೆಲ್ ಬಾರ್ಕ್ಲಿ ಮುಂತಾದ ಸಂಶೋಧಕರು 1970-80ರ ದಶಕಗಳಲ್ಲೇ ಇದನ್ನು ಗಮನಿಸಿದ್ದರು. ಔಷಧಿ ತೆಗೆದುಕೊಂಡಿದ್ದು ಮಗು. ಆದರೆ ತಾಯಿಯ ಆಜ್ಞೆಗಳು, ಗದರಿಕೆಗಳು ಕಡಿಮೆಯಾದವು. ಬೆಳಕು ಅವರು ಹೇಳಿದ್ದು ಇದೇ ಅಲ್ವಾ?

ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯ ಅಡ್ಡಪರಿಣಾಮಗಳು. ಕುಟುಂಬದಲ್ಲಿ ಹೃದಯದ ತೊಂದರೆ ಅಥವಾ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಓದುಗ:

ಮಳೆಹನಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ವೀಡನ್‌ನಲ್ಲಿ ಎಡಿಎಚ್‌ಡಿ ಇರುವ 25,656 ಜನರ ದಾಖಲೆ ನೋಡಿ 2012ರಲ್ಲಿ ಒಂದು ವರದಿ ಬಂತು. ಅದೇ ವ್ಯಕ್ತಿ ಔಷಧಿ ತೆಗೆದುಕೊಳ್ಳುತ್ತಿದ್ದ ಕಾಲವನ್ನು ಬಿಟ್ಟ ಕಾಲದ ಜೊತೆ ಹೋಲಿಸಿದರು. ತೆಗೆದುಕೊಳ್ಳುತ್ತಿದ್ದಾಗ ಗಂಡಸರಲ್ಲಿ ಅಪರಾಧ ಶೇ. 32 ಕಡಿಮೆ ಇತ್ತು. ಅವರು ದೊಡ್ಡವರು, ನಿಮ್ಮ ಮಗ ಚಿಕ್ಕವನು, ನೇರ ಹೋಲಿಕೆ ಬೇಡ. ಆದರೆ ಜೀನ್ ಬದಲಾಗದೆಯೂ ನಡವಳಿಕೆ ಬದಲಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದು.

ಚಿನ್ನುವಿನಮ್ಮ:

ಎಲ್ಲರಿಗೂ ಕೈಮುಗಿದು ಧನ್ಯವಾದ. ಇದನ್ನೆಲ್ಲ ಯಜಮಾನರಿಗೂ ಓದಿಸಿದೆ. ಗಡಿಬಿಡಿಯವರು ಬರೆದದ್ದು ಓದಿ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ 'ನಾನೂ ತೋರಿಸಿಕೊಳ್ಳಬೇಕಾ?' ಅಂತ ಕೇಳಿದರು. ಎಂಜಲು ಪರೀಕ್ಷೆ ಬೇಡ ಅಂತ ತೀರ್ಮಾನ ಮಾಡಿದ್ದೇವೆ.

ಇನ್ನೆರಡು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳಿಗೆ 3 ವರ್ಷ. ಅವಳೂ ಈಗ ಕಚ್ಚುತ್ತಾಳೆ, ನೂಕುತ್ತಾಳೆ. ಅವಳಿಗೂ ಬಂದೇ ಬರುತ್ತದಾ? ಮತ್ತೆ, ಮಗ ಹೊಡೆದ ಮೇಲೆ ಅಳುವುದು ನಾಟಕ ಅಂತ ನಮ್ಮ ಅತ್ತೆ ಹೇಳುತ್ತಾರೆ. ಅದು ನಾಟಕವಾ?

ಮಳೆಹನಿ:

ಯಜಮಾನರು ತೋರಿಸಿಕೊಳ್ಳಲಿ, ಖಂಡಿತ. ಪೋಷಕರಲ್ಲೂ ಎಡಿಎಚ್‌ಡಿ ಲಕ್ಷಣ ಹೆಚ್ಚಿದ್ದರೆ ಪೋಷಕರ ತರಬೇತಿ ಅಷ್ಟಾಗಿ ಫಲ ಕೊಡುವುದಿಲ್ಲ ಅಂತ 2002ರಲ್ಲೇ ಎಡ್ಮಂಡ್ ಸೊನುಗಾ-ಬಾರ್ಕ್ ತಂಡ ತಾಯಂದಿರಲ್ಲಿ ನೋಡಿ ಬರೆದಿದೆ. ಪ್ರತಿ ಸಲ ಒಂದೇ ರೀತಿ ನಡೆದುಕೊಳ್ಳಿ ಅಂತ ನಾವು ಹೇಳುತ್ತೇವೆ. ಮರೆವು ಮತ್ತು ಆತುರ ಇರುವವರಿಗೆ ಅದೇ ತಾನೇ ಎಲ್ಲಕ್ಕಿಂತ ಕಷ್ಟ?

ಮಗಳ ವಿಷಯ. ಎಡಿಎಚ್‌ಡಿ ಇರುವವರ ತಂದೆ ತಾಯಿ, ಒಡಹುಟ್ಟಿದವರಲ್ಲಿ ಅದು ಕಾಣುವ ಸಾಧ್ಯತೆ ಬೇರೆಯವರಿಗಿಂತ 5ರಿಂದ 9 ಪಟ್ಟು ಹೆಚ್ಚು. ಆದರೆ ಬಂದೇ ಬರುತ್ತದೆ ಅಂತಲ್ಲ. ಅವಳಿಗೆ ನಿಮ್ಮಿಬ್ಬರಿಂದ ಬಂದ ಜೀನ್‌ಗಳ ಕಲಸು ಅಣ್ಣನದ್ದಕ್ಕಿಂತ ಬೇರೆ. 3 ವರ್ಷದಲ್ಲಿ ಕಚ್ಚುವುದು, ನೂಕುವುದು ಇಟ್ಟುಕೊಂಡು ಏನೂ ಹೇಳಲು ಬರುವುದಿಲ್ಲ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನು ಕೂಸಿನಿಂದ ನೋಡುತ್ತಾ ಬಂದವರು. ಮನುಷ್ಯ ತನ್ನ ಜೀವನದಲ್ಲಿ ಅತಿ ಹೆಚ್ಚು ಕೈ ಮಾಡುವುದು ಎರಡು ಮೂರು ವರ್ಷದ ಆಸುಪಾಸಿನಲ್ಲಿ ಅಂತ ಅವರು ತೋರಿಸಿದರು. ಮಕ್ಕಳು ಹೊಡೆಯುವುದನ್ನು ಕಲಿಯುವುದಿಲ್ಲ, ಹೊಡೆಯದಿರುವುದನ್ನು ಕಲಿಯುತ್ತಾರೆ. ಮಾತು ಬೆಳೆದ ಹಾಗೆ ಕೈ ತಗ್ಗುತ್ತದೆ. ಅವಳು ಸರಿಯಾಗಿ ಮಾತಾಡುತ್ತಿದ್ದಾಳಾ ಅಂತ ಮಾತ್ರ ಗಮನಿಸಿ. ಎಡಿಎಚ್‌ಡಿ ಪ್ರಶ್ನೆಗೆ 4 ವರ್ಷಕ್ಕಿಂತ ಮೊದಲು ಉತ್ತರ ಹುಡುಕಬೇಡಿ.

ಅಳು ನಾಟಕವಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಆಕ್ರಮಣದಲ್ಲಿ ಎರಡು ಬಗೆ. ಕೆರಳಿ ಹೊಡೆಯುವುದು ಒಂದು, ತಣ್ಣಗೆ ಲೆಕ್ಕ ಹಾಕಿ ಹೊಡೆಯುವುದು ಇನ್ನೊಂದು. ನೀವು ಬರೆದದ್ದು ಮೊದಲನೆಯದರ ಹಾಗೆ ಕಾಣುತ್ತದೆ. ಎಸ್ಸಿ ವೈಡಿಂಗ್ ಮತ್ತು ಸಂಗಡಿಗರು 2005ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 7 ವರ್ಷದ ಅವಳಿಗಳನ್ನು ನೋಡಿದರು. ಬೇರೆಯವರ ನೋವು ತಟ್ಟದ ಮಕ್ಕಳಲ್ಲಿ ಕೆಟ್ಟ ನಡವಳಿಕೆಗೆ ಜೀನ್ ಪಾಲು ಶೇ. 81. ನೋವು ತಟ್ಟುವ, ಪಶ್ಚಾತ್ತಾಪ ಪಡುವ ಮಕ್ಕಳಲ್ಲಿ ಅದೇ ಬಗೆಯ ನಡವಳಿಕೆಗೆ ಶೇ. 30. ಈ ಎರಡನೇ ಗುಂಪಿನಲ್ಲಿ ಪರಿಸರದ ಪಾಲೇ ದೊಡ್ಡದು. ಇದೂ ಗುಂಪಿನ ಲೆಕ್ಕವೇ, ನಿಮ್ಮ ಮಗನ ಮೇಲೆ ಅಂಟಿಸಲು ಅಲ್ಲ. ಆದರೆ ಹೊಡೆದ ಮೇಲೆ ತಾನೇ ಬಂದು ಅಳುವ ಮಗುವಿನ ಜೊತೆ ಕೆಲಸ ಮಾಡಲು ನಮಗೆ ಒಳ್ಳೆಯ ಹಿಡಿತ ಸಿಗುತ್ತದೆ. ಅತ್ತಾಗ ಬೈಯಬೇಡಿ. ಶಾಂತವಾದ ಮೇಲೆ ತಂಗಿಗೆ ಏನು ಮಾಡಿ ಸರಿಪಡಿಸಬಹುದು ಅಂತ ಅವನನ್ನೇ ಕೇಳಿ.

ಹಳೆಮೇಷ್ಟ್ರು:

ಶಾಲೆಗೂ ಹೇಳಿ ತಾಯಿ. ಮೊದಲ ಸಾಲಿನಲ್ಲಿ ಕೂರಿಸುವುದು, ನಡುವೆ ಎದ್ದು ಹೋಗಿ ಬರುವ ಒಂದು ಕೆಲಸ ಕೊಡುವುದು, ಸಾಲಿನಲ್ಲಿ ನಿಲ್ಲುವಾಗ ಹತ್ತಿರ ಇರುವುದು, ಇಷ್ಟು ಯಾವ ಮೇಷ್ಟ್ರಿಗೂ ಸಾಧ್ಯ. ಹೊಡೆದಾಟ ಜಾಸ್ತಿ ಆಗುವುದು ಪಾಠದ ಹೊತ್ತಿನಲ್ಲಲ್ಲ, ಯಾರೂ ನೋಡದ ಆಟದ ಬಿಡುವಿನಲ್ಲಿ. ಆಗ ಅವನ ಮೇಲೆ ಒಂದು ಕಣ್ಣಿರಲಿ ಅಂತ ಕೇಳಿಕೊಳ್ಳಿ. 'ಜೀನ್' ಅಂತ ಮಾತ್ರ ಶಾಲೆಯಲ್ಲಿ ಹೇಳಬೇಡಿ. ವೈದ್ಯರ ಚೀಟಿ ಸಾಕು.

ಹೊಸಬ:

ಓದುತ್ತಾ ಬಂದೆ, ನಡುವೆ ಕೇಳುತ್ತಿದ್ದೇನೆ. ಜೀನ್ ಪರೀಕ್ಷೆ ಬೇಡ ಅಂತ ಎಲ್ಲರೂ ಹೇಳಿದಿರಿ. ಆದರೆ ನಮ್ಮ ಮಗನಿಗೆ ಎಡಿಎಚ್‌ಡಿ ಜೊತೆಗೆ ಮಾತು, ಕಲಿಕೆ ಎಲ್ಲವೂ ತುಂಬಾ ಹಿಂದೆ ಇದೆ. ನಮ್ಮ ವೈದ್ಯರೇ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಅದೂ ಬೇಡವಾ?

ಜೀವಕೋಶ:

ಅಯ್ಯೋ, ಅದು ಬೇಕು ಸರ್. ನಾವು ಬೇಡ ಅಂದದ್ದು ಆನ್‌ಲೈನ್‌ನಲ್ಲಿ ಮಾರುವ ಸ್ವಭಾವದ ಪರೀಕ್ಷೆಗಳನ್ನು. ಬುದ್ಧಿ ಬೆಳವಣಿಗೆ ಹಿಂದಿದ್ದರೆ, ಮುಖ ಅಥವಾ ದೇಹದ ರಚನೆಯಲ್ಲಿ ವಿಶೇಷ ಕಂಡರೆ, ಫಿಟ್ಸ್ ಅಥವಾ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ ವೈದ್ಯರು ಬೇರೆ ಪರೀಕ್ಷೆ ಬರೆಯುತ್ತಾರೆ. ಸಾಮಾನ್ಯವಾಗಿ ಕ್ರೋಮೋಸೋಮಲ್ ಮೈಕ್ರೋಅರೇ ಮತ್ತು ಫ್ರಾಜೈಲ್ ಎಕ್ಸ್ (ಎಕ್ಸ್ ಕ್ರೋಮೋಸೋಮಿನ ಒಂದು ಜೀನ್ ಕೆಟ್ಟು ಬರುವ ಕಾಯಿಲೆ) ಪರೀಕ್ಷೆ. ಡಿಎನ್‌ಎಯ ದೊಡ್ಡ ತುಂಡು ಕಾಣೆಯಾಗಿದೆಯಾ, ಎರಡು ಸಲ ಬಂದಿದೆಯಾ ಅಂತ ಮೈಕ್ರೋಅರೇ ನೋಡುತ್ತದೆ. 22ನೇ ಕ್ರೋಮೋಸೋಮಿನ ಒಂದು ತುಂಡು ಕಾಣೆಯಾದ ಮಕ್ಕಳಲ್ಲಿ, ಫ್ರಾಜೈಲ್ ಎಕ್ಸ್ ಇರುವವರಲ್ಲಿ, ನ್ಯೂರೋಫೈಬ್ರೊಮಟೋಸಿಸ್ (ನರಗಳ ಮೇಲೆ ಗಂಟು ಬೆಳೆಯುವ ಕಾಯಿಲೆ) ಇರುವವರಲ್ಲಿ ಎಡಿಎಚ್‌ಡಿ ಲಕ್ಷಣ ಬಹಳ ಸಾಮಾನ್ಯ. ಅಲ್ಲಿ ಉತ್ತರ ಸಿಕ್ಕರೆ ಉಪಯೋಗ ಇದೆ. 22ನೇ ಕ್ರೋಮೋಸೋಮಿನ ತೊಂದರೆ ಅಂತಾದರೆ ಹೃದಯ, ಕ್ಯಾಲ್ಸಿಯಂ ಎಲ್ಲ ನೋಡಿಸಬೇಕಾಗುತ್ತದೆ. ಫ್ರಾಜೈಲ್ ಎಕ್ಸ್ ಅಂತಾದರೆ ತಾಯಿಯ ಕಡೆಯ ಸಂಬಂಧಿಕರಿಗೂ ತಿಳಿಸಬೇಕಾಗುತ್ತದೆ.

ಪರೀಕ್ಷೆಗೆ ಕೊಡುವ ಮೊದಲೇ ಒಂದು ಸಲ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ. ಇಬ್ಬರ ಕಡೆಯ ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಿ. ಯಾರಿಗೆ ಕಲಿಕೆಯ ತೊಂದರೆ ಇತ್ತು, ಯಾರಿಗೆ ಫಿಟ್ಸ್ ಬರುತ್ತಿತ್ತು, ಎಳೆವಯಸ್ಸಿನಲ್ಲೇ ತೀರಿಕೊಂಡ ಮಕ್ಕಳು ಇದ್ದರಾ, ಎಲ್ಲವೂ ಬೇಕಾಗುತ್ತದೆ. ವರದಿಯಲ್ಲಿ 'ಅರ್ಥ ಸ್ಪಷ್ಟವಿಲ್ಲದ ವ್ಯತ್ಯಾಸ' ಅಂತ ಬರುವುದೂ ಉಂಟು. ಹಾಗೆ ಬಂದರೆ ಗಾಬರಿಯಾಗಬೇಡಿ. ನಿಮ್ಮಿಬ್ಬರ ರಕ್ತವನ್ನೂ ತೆಗೆದು ಅದು ನಿಮ್ಮಿಂದಲೇ ಬಂದದ್ದಾ ಅಂತ ನೋಡುತ್ತಾರೆ. ತೊಂದರೆ ಏನೂ ಇಲ್ಲದ ಅಪ್ಪನಿಗೋ ಅಮ್ಮನಿಗೋ ಅದೇ ಇದ್ದರೆ, ಮಗುವಿನ ಕಷ್ಟಕ್ಕೆ ಅದು ಕಾರಣ ಆಗಿರುವ ಸಾಧ್ಯತೆ ಸಾಮಾನ್ಯವಾಗಿ ಕಡಿಮೆ.